ಮರಿಯ ಮಂಡಿ, ಅತ್ತೆಯ ತುಪ್ಪ

ನಮ್ಮ ಮನೆಯ ನಾಯಿ ಕುಣಿಯುತ್ತದೆ ಎಂಬ ಸುದ್ದಿ ಜಯನಗರದ ನಮ್ಮ ಬೀದಿಗೆಲ್ಲ ಹಬ್ಬಿತ್ತು. ಒಂದಷ್ಟು ದೂರ ನೆಟ್ಟಗೆ ಓಡುವುದು, ಇದ್ದಕ್ಕಿದ್ದಂತೆ ಹಿಂದಿನ ಬಲಗಾಲನ್ನು ಮೇಲೆತ್ತಿ ಮೂರು ಕಾಲಲ್ಲಿ ಕುಪ್ಪಳಿಸುವುದು, ಎತ್ತಿದ ಕಾಲನ್ನು ಹಿಂದಕ್ಕೊಮ್ಮೆ ಝಾಡಿಸಿ ಏನೂ ಆಗದವನಂತೆ ಮತ್ತೆ ಓಡುವುದು. ಮನೆಗೆ ನೆಂಟರು ಬಂದರೆ ಸಾಕು, ಡಿಕಾಕ್ಷನ್ ಇಳಿಯುವುದರೊಳಗೆ ನಮ್ಮ ಯಜಮಾನರು ಅವನನ್ನು ನಡುಮನೆಯ ಆ ತುದಿಯಿಂದ ಈ ತುದಿಗೆ ಕರೆದು ಕುಣಿತ ತೋರಿಸಿಬಿಡುತ್ತಿದ್ದರು. ನೋಡಿದವರು ನಕ್ಕು, ಕೈಯಲ್ಲಿದ್ದ ಕೋಡುಬಳೆ ಮುರಿದು ಅವನ ಮುಂದೆ ಹಾಕುತ್ತಿದ್ದರು. ಕುಣಿದವನಿಗೆ ಸಂಭಾವನೆ. ಅದು ಕುಣಿತವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಅವನಿಗೆ ಹೇಳಲು ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಜೆ.ಪಿ. ನಗರದಲ್ಲಿದ್ದ ಯಜಮಾನರ ಸಹೋದ್ಯೋಗಿಯೊಬ್ಬರಿಗೆ ಉತ್ತರದ ಕಡೆಗೆ ವರ್ಗವಾಗಿ, ಅವರು ತಮ್ಮ ಬಿಳಿ ಪಾಮರೇನಿಯನ್ನನ್ನು ನಮ್ಮ ಮಡಿಲಿಗೆ ಹಾಕಿ ರೈಲು ಹತ್ತಿದರು. ಆಗಿನ ಬೆಂಗಳೂರಿನಲ್ಲಿ ತುಳಸಿಕಟ್ಟೆ ಇದ್ದಷ್ಟೇ ಸಹಜವಾಗಿ ಬೀದಿಗೆ ಎರಡು ಮೂರು ಪಾಮರೇನಿಯನ್‌ಗಳಿದ್ದವು. ನಮ್ಮದಕ್ಕೂ ಒಂದು ಇಂಗ್ಲಿಷ್ ಹೆಸರಿತ್ತು. ಅತ್ತೆಯವರ ನಾಲಿಗೆಗೆ ಅದು ಹೊರಳಲಿಲ್ಲ. ಅವರು "ಮರಿ" ಎಂದರು, ಅವನು ತಿರುಗಿ ನೋಡಿದ, ಅಲ್ಲಿಗೆ ನಾಮಕರಣ ಮುಗಿಯಿತು. ಹಲ್ಲುದುರಿ ಮುದುಕನಾದಾಗಲೂ ಅವನು ಮರಿಯೇ.

ಹಾಗೆಂದು ಅತ್ತೆ ಅವನನ್ನು ಆರತಿ ಎತ್ತಿ ಒಳಗೆ ಕರೆದುಕೊಂಡರು ಎಂದುಕೊಳ್ಳಬೇಡಿ. ಅವರದು ಮಡಿ. ಮಾವನವರು ಹೋದ ಮೇಲೆ ಮಧ್ಯಾಹ್ನ ಒಂದೇ ಹೊತ್ತು ಅನ್ನ, ರಾತ್ರಿ ಒಂದಿಷ್ಟು ಅವಲಕ್ಕಿ. ನಾಯಿ ಹೊಸಿಲು ದಾಟಿದರೆ ತಾವು ಹಿತ್ತಲಲ್ಲಿ ಒಲೆ ಹೂಡುವುದಾಗಿ ಮಗನಿಗೆ ಮೊದಲೇ ಹೇಳಿದ್ದರು. ಆದರೆ ಅವರಿಗೊಂದು ನೇಮವಿತ್ತು. ಎಲೆಯ ಮುಂದೆ ಕೂರುವ ಮೊದಲು ಬಿಸಿ ಅನ್ನಕ್ಕೆ ತೊವ್ವೆ ಹಾಕಿ, ಮೇಲೊಂದು ಮಿಳ್ಳೆ ತುಪ್ಪ ಸುರಿದು ಕಲಸಿ, ಅಂಗೈ ತುಂಬುವ ತುತ್ತೊಂದನ್ನು ಗೇಟಿನಾಚೆ ಬೀದಿನಾಯಿಗೆ ಇಟ್ಟು ಬರಬೇಕು. ಅವರ ಅತ್ತೆ ಮಾಡುತ್ತಿದ್ದರಂತೆ, ಆ ಅತ್ತೆಯ ಅತ್ತೆಯೂ ಮಾಡುತ್ತಿದ್ದರಂತೆ. ನಾಯಿಗೆ ಇಡದೆ ಅವರು ತುತ್ತೆತ್ತಿದ್ದನ್ನು ನಾನು ಕಂಡಿಲ್ಲ. ಮರಿ ಬಂದ ದಿನ ಗೇಟಿಗೆ ಕಟ್ಟಿದ್ದ ಅವನೇ ಆ ತುತ್ತಿಗೆ ಎದುರಾದ. ಒಂದು ವಾರದಲ್ಲಿ ತುತ್ತಿಡುವ ಜಾಗ ಗೇಟಿನಿಂದ ಜಗಲಿಗೆ ಬಂತು, ಜಗಲಿಯಿಂದ ನಡುಮನೆಗೆ, ಅಲ್ಲಿಂದ ಅಡಿಗೆಮನೆಯ ಹೊಸಿಲಿಗೆ. ಹಿತ್ತಲ ಒಲೆಯ ಮಾತು ಮತ್ತೆ ಏಳಲಿಲ್ಲ.

ಆ ನಡುಮನೆಯ ನೆಲದ ಬಗ್ಗೆಯೂ ಹೇಳಬೇಕು. ಕೆಂಪು ಆಕ್ಸೈಡಿನ ನೆಲ, ಮಾವನವರು ಮನೆ ಕಟ್ಟಿಸಿದಾಗ ಹಾಕಿಸಿದ್ದು. ಶುಕ್ರವಾರ ಬಂತೆಂದರೆ ಮೇಣದ ಪಾಲಿಶ್ ಹಚ್ಚಿ ಹಳೆಯ ಪಂಚೆಯಲ್ಲಿ ತಿಕ್ಕಿಸುವುದು ಅತ್ತೆಯ ವಾರದ ಕೆಲಸ. ಮಂಡಿನೋವಿನಿಂದ ಅವರಿಗೆ ನೆಲಕ್ಕೆ ಕೂರಲಾಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಕೆಲಸಕ್ಕೆ ಬರುತ್ತಿದ್ದಾಕೆಗೆ ಕಣ್ಣಲ್ಲೇ ದಾರಿ ತೋರಿಸುತ್ತ ತಿಕ್ಕಿಸುತ್ತಿದ್ದರು. ಮುಖ ಕಾಣುವಂತೆ ಹೊಳೆಯುತ್ತಿತ್ತು. ಮನೆಯವರಿಗೆಲ್ಲ ಅದರ ಮೇಲೆ ನಡೆಯುವ ನಡಿಗೆ ರೂಢಿಯಾಗಿತ್ತು. ಮೊದಲ ಸಲ ಬಂದವರು ಗೋಡೆ ಹಿಡಿಯುತ್ತಿದ್ದರು.

ಮರಿ ಎಲ್ಲಿ ಗೋಡೆ ಹಿಡಿದಾನು? ಒಂದು ಶನಿವಾರ ಬೆಳಿಗ್ಗೆ, ಹಿಂದಿನ ದಿನವಷ್ಟೇ ಪಾಲಿಶ್ ಆಗಿತ್ತು, ಕಾಲಿಂಗ್ ಬೆಲ್ ಹೊಡೆಯಿತು. ಅಡಿಗೆಮನೆಯ ಹೊಸಿಲಿನಿಂದ ಬಾಣದ ಹಾಗೆ ಹೊರಟವನು ನಡುಮನೆಯಲ್ಲಿ ತಿರುವು ತೆಗೆದುಕೊಳ್ಳಲಾರದೆ ಜಾರಿ ಹೋಗಿ ಬಾಗಿಲ ಚೌಕಟ್ಟಿಗೆ ಬಡಿದ. ಅವನ ಬಾಯಿಂದ ಅಂಥ ಕೂಗನ್ನು ನಾವು ಕೇಳಿರಲಿಲ್ಲ. ಬಲಗಾಲು ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಝಾಡಿಸಿದರೂ ಬರಲಿಲ್ಲ.

ಅತ್ತೆ ತಮ್ಮ ಮಂಡಿಗೆ ಹಚ್ಚುವ ಎಣ್ಣೆ ತಂದರು. ಯಜಮಾನರು ತಮ್ಮ ಬೆನ್ನುನೋವಿನ ಮಾತ್ರೆಯನ್ನು ಅರ್ಧ ಮಾಡಿ ಬೆಲ್ಲದಲ್ಲಿ ಅಡಗಿಸುತ್ತಿದ್ದರು. ಡಾಕ್ಟರನ್ನು ಕೇಳದೆ ಕೊಡುವುದು ಬೇಡವೆಂದು ನಾನು ತಡೆದೆ. ಆಮೇಲೆ ಡಾಕ್ಟರು ಅದನ್ನು ಕೇಳಿ, ಮನುಷ್ಯರ ನೋವಿನ ಮಾತ್ರೆ ಅರ್ಧವೇ ಆದರೂ ಇಷ್ಟು ಪುಟ್ಟ ನಾಯಿಯ ಹೊಟ್ಟೆಯಲ್ಲಿ ರಕ್ತ ಬರಿಸಬಹುದು ಎಂದಾಗ ಯಜಮಾನರ ಮುಖ ಸಣ್ಣದಾಯಿತು.

ಬನಶಂಕರಿ ಎರಡನೇ ಹಂತದಲ್ಲಿ ಆ ಡಾಕ್ಟರ ಮನೆ. ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಒಂದು ಮೇಜು, ಒಂದು ತಕ್ಕಡಿ ಇಟ್ಟುಕೊಂಡು ಪ್ರಾಣಿಗಳನ್ನು ನೋಡುತ್ತಿದ್ದರು. ಅವಸರವಿಲ್ಲದ ಮನುಷ್ಯ. ಮರಿಯ ಕಾಲನ್ನು ಮೆಲ್ಲಗೆ ಹಿಂದಕ್ಕೆ ನೀಡಿ, ಹೆಬ್ಬೆರಳಲ್ಲಿ ಏನನ್ನೋ ಒಳಗಿನಿಂದ ಹೊರಕ್ಕೆ ಒತ್ತಿದರು. ಅವನು ಕುಂಯ್ ಎಂದವನು ತಟ್ಟನೆ ಸುಮ್ಮನಾದ. ಕಾಲು ಇಳಿಯಿತು. ಯಜಮಾನರಿಗೆ ಸಮಾಧಾನವಾಗಿ, ಇವನು ಮೊದಲಿನಿಂದಲೂ ಆ ಕಾಲಲ್ಲಿ ಕುಣಿಯುತ್ತಾನೆ ಎಂದು ಹೆಮ್ಮೆಯಿಂದಲೇ ಹೇಳಿದರು.

"ಅದು ಕುಣಿತ ಅಲ್ಲ ಸಾರ್," ಎಂದರು ಡಾಕ್ಟರು. "ಮಂಡಿಚಿಪ್ಪು ಜಾರ್ತಾ ಇದೆ. ಜಾರಿದಾಗ ಕಾಲು ಊರಕ್ಕೆ ಆಗಲ್ಲ, ಎತ್ಕೋತಾನೆ. ಝಾಡಿಸಿದ್ರೆ ವಾಪಸ್ ಬಂದು ಕೂರತ್ತೆ. ಇಷ್ಟು ದಿನ ತಾನೇ ರಿಪೇರಿ ಮಾಡ್ಕೊಂಡು ಓಡಾಡಿದಾನೆ, ಪಾಪ."

ನನ್ನ ಹೆಬ್ಬೆರಳನ್ನು ಹಿಡಿದು ಆ ಜಾಗದಲ್ಲಿ ಇರಿಸಿದರು. ತುಪ್ಪಳದ ಕೆಳಗೆ ಹುಣಿಸೆಬೀಜದಷ್ಟು ಗಟ್ಟಿಯಾದದ್ದೊಂದು ನನ್ನ ಬೆರಳ ಕೆಳಗೆ ಜರುಗಿತು, ಮತ್ತೆ ಮರಳಿತು. ಕಪಾಟಿನ ಗಾಜಿನ ಬಾಗಿಲು ತನ್ನ ಜಾಡಿನಲ್ಲಿ ಓಡುತ್ತದಲ್ಲ, ಮಂಡಿಚಿಪ್ಪೂ ಹಾಗೆಯೇ ಎಲುಬಿನ ಜಾಡಿನಲ್ಲಿ ಓಡಬೇಕು. ಪುಟ್ಟ ಜಾತಿಯ ಎಷ್ಟೋ ನಾಯಿಗಳಿಗೆ ಆ ಜಾಡು ಹುಟ್ಟಿನಿಂದಲೇ ಆಳವಿರುವುದಿಲ್ಲ ಎಂದು ವಿವರಿಸಿದರು. ಇದರಲ್ಲಿ ನಾಲ್ಕು ಹಂತ, ಮರಿಯದು ಎರಡನೆಯದು. ಮೂರಕ್ಕೆ ಹೋದರೆ ಚಿಪ್ಪು ಜಾರಿದಲ್ಲೇ ನಿಲ್ಲುತ್ತದೆ, ಆಗ ಆಪರೇಷನ್ನೇ ಗತಿ. ಇಷ್ಟು ಹೇಳಿ ಅವನನ್ನು ತಕ್ಕಡಿಯ ಮೇಲೆ ಕೂರಿಸಿದರು. ಮುಳ್ಳು ನೋಡಿ ಅವನ ಪಕ್ಕೆಯನ್ನು ಒತ್ತಿ ನೋಡಿದರು.

"ಪಾಮರೇನಿಯನ್ ತೂಕ ಅಲ್ಲ ಮೇಡಂ ಇದು, ಎರಡು ಪಾಮರೇನಿಯನ್ ತೂಕ. ಉಸಿರುನಾಳ ಬೇರೆ ಮೆತ್ತಗಿದೆ, ಆ ಕೆಮ್ಮು ಕೇಳಿ. ಈ ಮೈಯಲ್ಲಿ ಅನಸ್ತೀಸಿಯ ಕೊಟ್ರೆ ಎಚ್ಚರ ಆಗ್ತಾನೆ ಅಂತ ನಾನು ಧೈರ್ಯವಾಗಿ ಹೇಳಲಾರೆ."

ದೀಪಾವಳಿಯವರೆಗೆ ನೋಡೋಣ ಎಂದರು. ಆಗ ಬೇಸಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ತೂಕ ಇಳಿದು ತೊಡೆಯ ಮಾಂಸ ಗಟ್ಟಿಯಾದರೆ ಅದೇ ಚಿಪ್ಪನ್ನು ಹಿಡಿದುಕೊಳ್ಳುತ್ತದೆ, ಆಪರೇಷನ್ ತಪ್ಪೀತು. ಇಳಿಯದಿದ್ದರೆ ಕಾಲು ಕೆಡುತ್ತದೆ. ಕೆಟ್ಟ ಕಾಲಿಗೆ ಕೊಯ್ಯಬೇಕು, ಕೊಯ್ದರೆ ಅವನು ಉಳಿಯುವುದು ಖಾತ್ರಿಯಿಲ್ಲ. ಇಷ್ಟೇ ಲೆಕ್ಕ. ಜಾರುವ ನೆಲ ಕೂಡದು, ದಿವಾನದ ಮೇಲಿಂದ ಹಾರುವುದು ಕೂಡದು, ಮೆಟ್ಟಿಲು ಕೂಡದು, ಹಿಂಗಾಲಲ್ಲಿ ನಿಲ್ಲಿಸಿ ಆಟವಾಡಿಸುವುದು ಕೂಡದು. ಪಾದದ ನಡುವಿನ ಕೂದಲು ಕತ್ತರಿಸಬೇಕು, ಹಿಡಿತ ಸಿಗುತ್ತದೆ. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ನಿಧಾನದ ನಡಿಗೆ. ತಿನ್ನುವುದು ಅರ್ಧ. ತುಪ್ಪ, ಸಿಹಿ, ಕರಿದದ್ದು ಬಂದ್. ಚಿಪ್ಪು ಜಾರಿ ತಾನಾಗಿ ಕೂರದಿದ್ದರೆ ಕಾಲು ನೀಡಿ ಒತ್ತಿ ಕೂರಿಸುವ ವಿಧಾನವನ್ನು ನನಗೆ ಎರಡೆರಡು ಸಲ ಮಾಡಿಸಿ ಕಳಿಸಿದರು. ಆಟೋದಲ್ಲಿ ಬರುವಾಗ ಮರಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಮರಿಯ ಕಾಲನ್ನೇ ನೋಡುತ್ತ ಹೇಳಿದರು: "ಕಾಲೆಳೀತಾನೆ ಅನ್ನೋದು ನಾನು ನೋಡಿದ್ದೆ ಕಣೇ. ಕೀಲಿಗೆ ಜಿಡ್ಡು ಸಾಲದು ಅಂತ ಅವನ ತುತ್ತಿಗೆ ಇನ್ನೊಂದು ಮಿಳ್ಳೆ ಸೇರಿಸ್ತಿದ್ದೆ."

ಕುಂಟಿದಷ್ಟೂ ತುಪ್ಪ, ತುಪ್ಪ ಬಿದ್ದಷ್ಟೂ ತೂಕ, ತೂಕ ಏರಿದಷ್ಟೂ ಕುಂಟು. ಗಾಣದೆತ್ತಿನ ಹಾಗೆ ಸುತ್ತಿದ್ದೆವು. ಆದರೆ ಅವರನ್ನು ಯಾವ ಬಾಯಲ್ಲಿ ಅನ್ನುವುದು? ತಮ್ಮ ಮಂಡಿ ಹಿಡಿದಾಗಲೂ ಅವರು ಮಾಡಿಕೊಳ್ಳುತ್ತಿದ್ದ ಔಷಧ ಅದೇ. ಒಂದೇ ಹೊತ್ತಿನ ಊಟದಲ್ಲಿ ಅವರು ಮನಸ್ಸಿಟ್ಟು ತಿನ್ನುತ್ತಿದ್ದುದೂ ಆ ತುಪ್ಪವನ್ನೇ. ಬೆಣ್ಣೆ ತಂದು, ತಾವೇ ಕಾಸಿ, ವೀಳ್ಯದೆಲೆಯ ಚೂರು ಹಾಕಿ ಇಳಿಸಿದರೆ ಮೂರು ಮನೆಗೆ ಘಮ ಹೋಗುತ್ತಿತ್ತು.

ಮಾರನೆಯ ಮಧ್ಯಾಹ್ನ ದೊಡ್ಡ ಪೇಚು. ಭಾನುವಾರವಾದ್ದರಿಂದ ನಾನು ಮನೆಯಲ್ಲೇ ಇದ್ದೆ. ಅತ್ತೆ ಎಲೆಯ ಮುಂದೆ ಕೂತರು. ಎಲೆ ಮೇಜಿನ ಮೇಲೆ, ಅವರು ಕುರ್ಚಿಯಲ್ಲಿ. ಹೊಸಿಲಲ್ಲಿ ಮರಿ. ತುಪ್ಪದ ತುತ್ತು ಇಡುವಂತಿಲ್ಲ. ಇಡದೆ ಇವರು ಉಣ್ಣುವಂತಿಲ್ಲ. ನಾಯಿಗೆ ಬೇಯಿಸಿದ ತರಕಾರಿ ಬೇರೆ ಇಟ್ಟಿದ್ದೇನೆ, ಅದೂ ಇಟ್ಟಂತೆಯೇ, ನೀವು ಊಟ ಮಾಡಿ ಎಂದು ನಾನು ಹೇಳಿದೆ. ಅವರು ಅನ್ನವನ್ನು ಮುಟ್ಟದೆ ಎದ್ದರು. ಸೋಮವಾರ ನಾನು ಆಫೀಸಿನಿಂದ ಬಂದಾಗ ಅಡಿಗೆಮನೆಯಲ್ಲಿ ತುಪ್ಪದ ಜಾಡಿ ಇರಬೇಕಾದ ಜಾಗ ಖಾಲಿ. ಜಾಡಿ ಅಟ್ಟದ ಮೇಲೆ ಹೋಗಿತ್ತು. ಏನು ಊಟ ಮಾಡಿದಿರಿ ಎಂದು ಕೇಳಿದೆ. ಸಿಹಿಗುಂಬಳ, ಬೀನ್ಸು, ಒಂದು ಹಿಡಿ ಅನ್ನ, ಉಪ್ಪಿಲ್ಲ, ಒಗ್ಗರಣೆ ಇಲ್ಲ. ಡಾಕ್ಟರು ಮರಿಗೆ ಹೇಳಿದ ಊಟ.

"ಅವನಿಗೆ ಇಟ್ಟಿದ್ದೇ ನನಗೆ," ಎಂದರು ಅತ್ತೆ. "ಅವನಿಗೊಂದು ಇಟ್ಟು ನಾನೊಂದು ತಿಂದ್ರೆ ಅದು ತುತ್ತು ಇಟ್ಟ ಹಾಗಾಯ್ತೇನೇ? ಭಿಕ್ಷ ಹಾಕಿದ ಹಾಗಾಯ್ತು."

ಉಪ್ಪನ್ನಾದರೂ ಹಾಕಿಕೊಳ್ಳಿ ಎಂದು ಮಗ ಕಾಲು ಹಿಡಿಯುವುದೊಂದು ಬಾಕಿ, ಅಷ್ಟಕ್ಕೆ ಒಪ್ಪಿದರು. ತುಪ್ಪಕ್ಕೆ ಒಪ್ಪಲಿಲ್ಲ.

ನೆಲದ ವಿಷಯದಲ್ಲಿ ಅವರು ಯಾರನ್ನೂ ಕೇಳಲಿಲ್ಲ. ಪಾಲಿಶಿನ ಡಬ್ಬಿ ತುಪ್ಪದ ಜಾಡಿಯ ಪಕ್ಕಕ್ಕೆ ಅಟ್ಟ ಸೇರಿತು. ದಿನಸಿ ಅಂಗಡಿಯಿಂದ ಗೋಣಿಚೀಲ ತರಿಸಿ, ಬಿಚ್ಚಿ, ಒಗೆದು, ಒಂದಕ್ಕೊಂದು ಸೇರಿಸಿ ಹೊಲಿದು, ಬೀದಿಬಾಗಿಲಿನಿಂದ ಅಡಿಗೆಮನೆಯವರೆಗೆ ಉದ್ದಕ್ಕೆ ಹಾಸಿದರು. ಕೆಂಪು ನೆಲದ ನಡುವೆ ಮರಿಗೊಂದು ರಾಜಮಾರ್ಗ. ಮಹಡಿಯ ಮೇಲೆ ಬಾಡಿಗೆಗಿದ್ದ ಧಾರವಾಡದ ಕಡೆಯ ಹುಡುಗಿ, ಯಾವುದೋ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದವಳು, ಬಾಗಿಲಲ್ಲೇ ನಿಂತು ಕಣ್ಣರಳಿಸಿದಳು.

"ಏನ್ರೀ ಅಜ್ಜಿ, ಮನ್ಯಾಗ ಜ್ವಾಳದ ಸಂತಿ ಹಚ್ಚೀರೇನ್ರಿ?"

"ಹೂಂ ಕಣಮ್ಮ. ನಿಮ್ಮೂರಿಂದ ಜೋಳ ತಗೊಂಡ್ಬಾ, ನಾನು ತೂಕ ಹಾಕ್ತೀನಿ," ಎಂದರು ಅತ್ತೆ.

ಮಂಗಳಾರತಿಯ ಹೊತ್ತಿಗೆ ಹಿಂಗಾಲಲ್ಲಿ ನಿಂತು ಮುಂಗಾಲು ಜೋಡಿಸಿ ನಮಸ್ಕಾರ ಮಾಡುವುದನ್ನು ಅವರೇ ಮರಿಗೆ ಕಲಿಸಿದ್ದರು, ಕೊಬ್ಬರಿ ಸಕ್ಕರೆಯ ಆಸೆ ತೋರಿಸಿ. ಅದನ್ನೂ ಅವರೇ ಬಿಡಿಸಿದರು. ಅವನು ಎದ್ದು ನಿಲ್ಲಲು ಹೊರಟರೆ ಬೆನ್ನ ಮೇಲೆ ಕೈಯಿಟ್ಟು ಕೂರಿಸಿ, ಕೂತು ಕೈಮುಗಿದರೆ ದೇವರೇನೂ ಬೇಡ ಅನ್ನುವುದಿಲ್ಲ ಎನ್ನುತ್ತಿದ್ದರು.

ಇಷ್ಟೆಲ್ಲ ಆದರೂ ಮರಿಯ ತೂಕ ಇಳಿಯಲಿಲ್ಲ. ಡಾಕ್ಟರ ಹತ್ತಿರ ಪದೇ ಪದೇ ಹೋಗಲು ಸಂಕೋಚವಾಗಿ ಯಜಮಾನರು ಅವನನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ತೂಗುಹಾಕಿಸುತ್ತಿದ್ದರು. ಚೀಲದಿಂದ ತಲೆ ಹೊರಗಿಟ್ಟು ಅವನು ಬೀದಿ ನೋಡುತ್ತಿದ್ದ. ಅಂಗಡಿಯವನು ಪ್ರತಿಸಲ ಕೇಳುತ್ತಿದ್ದ, "ಯಾವ ರೇಟ್ ಹಾಕ್ಲಿ ಸಾರ್, ಕನ್ನಡ ಪೇಪರ್‌ದೋ, ಇಂಗ್ಲಿಷ್ ಪೇಪರ್‌ದೋ?" ಮುಳ್ಳು ಮಾತ್ರ ಇದ್ದಲ್ಲೇ. ಆಷಾಢ ಕಳೆಯಿತು, ಶ್ರಾವಣ ಬಂತು. ಕಾಲು ಮೊದಲಿಗಿಂತ ಹೆಚ್ಚು ಸಲ ಜಾರತೊಡಗಿತು. ಅತ್ತೆಯ ಸೀರೆಯ ನೆರಿಗೆ ಹೆಚ್ಚಾಗುತ್ತಿತ್ತು, ಅಂದರೆ ಅವರು ಇಳಿಯುತ್ತಿದ್ದರು. ಒಂದೇ ಊಟ ಉಂಡ ಇಬ್ಬರಲ್ಲಿ ಒಬ್ಬರು ಮಾತ್ರ ಇಳಿಯುವುದು ಹೇಗೆ? ಅತ್ತೆ ಒಂದು ದಿನ ಅವನ ಮೂತಿಯನ್ನು ಮೂಸಿ ನೋಡಿ, ಇವನ ಬಾಯಲ್ಲಿ ಮೆಣಸಿನ ವಾಸನೆ ಬರುತ್ತಿದೆಯಲ್ಲ ಎಂದರು. ನಾನು ನಂಬಲಿಲ್ಲ.

ಆ ವಾರ ಯಜಮಾನರು ಆಫೀಸಿನ ಕೆಲಸದ ಮೇಲೆ ಮೈಸೂರಿಗೆ ಹೋದರು. ಮರಿಯ ಬೆಳಗಿನ ವಾಕಿಂಗ್ ಅವರದು. ಅಂದು ನಾನು ಹಗ್ಗ ಹಿಡಿದೆ. ಪಾರ್ಕಿನ ದಾರಿ ಹಿಡಿಯೋಣವೆಂದರೆ ಮರಿ ಒಪ್ಪಲಿಲ್ಲ. ಎಡಕ್ಕೆ ಎಳೆದ, ಮತ್ತೆ ಬಲಕ್ಕೆ ಎಳೆದ, ಮೂಲೆಯ ದರ್ಶಿನಿ ಹೋಟೆಲ್ಲಿನ ಮುಂದೆ ಬಂದು ನಿಂತ. ನಿಂತದ್ದೂ ಅಲ್ಲಿ ಇಲ್ಲಿ ಅಲ್ಲ, ಎತ್ತರದ ರೌಂಡ್ ಟೇಬಲ್ಲುಗಳಲ್ಲಿ ಕೊನೆಯದರ ಬುಡದಲ್ಲಿ, ಅಲ್ಲಿ ತನ್ನ ಹೆಸರು ಬರೆದಿದೆಯೋ ಎಂಬಂತೆ. ಬೆಳಗಿನ ನಡಿಗೆ ಮುಗಿಸಿದ ರಿಟೈರ್ಡ್ ಗಂಡಸರು ಕ್ಯಾನ್ವಾಸ್ ಶೂಗಳಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ಒಬ್ಬಿಬ್ಬರು ಅವನಿಗೆ ಕೈಯೆತ್ತಿದರು. ಕೌಂಟರಿನವನು ನನ್ನನ್ನು ನೋಡಿದ, ಅವನನ್ನು ನೋಡಿದ.

"ಸಾರ್ ಬಂದಿಲ್ವಾ ಮೇಡಂ ಇವತ್ತು? ಪರವಾಗಿಲ್ಲ ಬಿಡಿ, ಇವನದು ಗೊತ್ತು," ಎಂದು ಒಂದು ಬಿಸಿ ಉದ್ದಿನವಡೆಯನ್ನು ಕಾಗದದಲ್ಲಿ ಮುರಿದು ಇಟ್ಟ. "ಚಟ್ನಿ ಬೇಡ ಅಂತಾನೆ. ವಡೆ ಮಾತ್ರ ಬಿಸಿ ಇರ್ಬೇಕು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಏನೆಂದು ಅಂದು ಮರಿಗೆ ತಿಳಿಯಿತು. ಅವನನ್ನು ಎತ್ತಿಕೊಂಡು ನಾನು ಮನೆಯತ್ತ ತಿರುಗಿದೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿನಿಂದ ಅವನು ದರ್ಶಿನಿಯನ್ನೇ ನೋಡುತ್ತಿದ್ದ. ನಗು ಬರುತ್ತಿತ್ತು, ಹಿಂದೆಯೇ ಅಳುವೂ ಬರುತ್ತಿತ್ತು. ತೂಕ ಇಳಿಸಲೆಂದು ಹೊರಟ ನಡಿಗೆ ವಡೆಯಲ್ಲಿ ಮುಗಿಯುತ್ತಿತ್ತು. ನಮ್ಮ ಕಡೆಯ ಗಂಡಸರಿಗೆ ಬೆಳಗಿನ ವಾಕಿಂಗ್ ಎಂದರೆ ಅದರ ಕೊನೆಗೆ ದರ್ಶಿನಿ ಸೇರಿಯೇ ಇರುತ್ತದೆ; ಅದನ್ನು ಡಾಕ್ಟರು ಬಿಡಿಸಿ ಹೇಳಿರಲಿಲ್ಲ, ಅಷ್ಟೇ.

ಯಜಮಾನರು ಮೈಸೂರಿನಿಂದ ಬಂದು ಶೂ ಬಿಚ್ಚುವಾಗ ಅತ್ತೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಏನೋ, ನೀವಿಬ್ರೂ ವಾಕಿಂಗ್‌ಗೆ ಹೋಗ್ತಿದ್ರೋ, ವಡೆಗೆ ಹೋಗ್ತಿದ್ರೋ?"

"ಅರ್ಧ ಅಮ್ಮ. ಅರ್ಧ ವಡೆ ಅಷ್ಟೇ. ನಾನು ತಿನ್ನೋವಾಗ ಹಾಗೇ ನೋಡ್ತಾ ಇರ್ತಾನೆ, ಮನಸ್ಸು ತಡೀಲಿಲ್ಲ."

"ನಿನ್ನ ಮನಸ್ಸು ತಡೀಲಿಲ್ಲ ಅಂತ ಅವನ ಕಾಲು ಕೊಯ್ಸೋಣ್ವಾ? ಕೊಯ್ದ ಮೇಲೆ ಎಚ್ಚರ ಆಗ್ದೆ ಹೋದ್ರೆ ನಾನು ಯಾರಿಗೋ ತುತ್ತು ಇಡ್ಲಿ?"

ಅವರ ದನಿ ಏರಲಿಲ್ಲ. ಮಗನಿಗೆ ಅದೇ ಹೆಚ್ಚು ತಾಗಿತು. ಗೋಣಿಚೀಲದ ಮೇಲೆ ಮಲಗಿದ್ದ ಮರಿಯ ಪಕ್ಕ ಹೋಗಿ ಕೂತು ತುಂಬ ಹೊತ್ತು ಅವನ ಕಾಲು ನೀವುತ್ತಿದ್ದರು. ಮರುದಿನದಿಂದ ಇಬ್ಬರೂ ದರ್ಶಿನಿಯ ಬೀದಿಯನ್ನೇ ಬಿಟ್ಟು ಸಾರಕ್ಕಿ ಕಡೆಗೆ ತಿರುಗಿದರು. ವಾರದ ಮೇಲೆ ಮಹಡಿಯ ಹುಡುಗಿಯೂ ತಲೆ ತಗ್ಗಿಸಿ ಬಂದು, "ನಾನೂ ಮ್ಯಾಲಿಂದ ರೊಟ್ಟಿ ತುಣುಕು ಒಗೀತಿದ್ನಿರೀ ಅಜ್ಜಿ, ಇನ್ನ ಒಗಿಯಂಗಿಲ್ಲ," ಎಂದು ಹೇಳಿ ಹೋದಳು. ಊರೆಲ್ಲ ಸೇರಿ ಸಾಕಿದ ಮಂಡಿ ಅದು.

ಆಮೇಲೆ ಹಳೇ ಪೇಪರ್ ಅಂಗಡಿಯ ಮುಳ್ಳು ಸರಿಯತೊಡಗಿತು. ಗೌರಿ ಹಬ್ಬ ಬಂದಾಗ ನಮ್ಮ ನೆಲ ಹೊಳೆಯಲಿಲ್ಲ. ಬಾಗಿನ ಕೊಡಲು ಬಂದ ಹೆಂಗಸರು ಗೋಣಿಚೀಲವನ್ನು ದಾಟಿಕೊಂಡು ಬರುತ್ತ, ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೀರಾ ಎಂದು ಕೇಳಿದರು. ಅತ್ತೆ ಹೂಂ ಎಂದುಬಿಟ್ಟರು. ಆ ಹಬ್ಬದ ಮರುದಿನವೇ ಇರಬೇಕು, ಮಧ್ಯಾಹ್ನ ಒಳಗೆ ಹೋದವಳು ಬಾಗಿಲಲ್ಲೇ ನಿಂತೆ. ಅತ್ತೆ ಕುರ್ಚಿಯಲ್ಲಿರಲಿಲ್ಲ. ಹೊಸಿಲ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕುಂಬಳಕಾಯಿ ತಿನ್ನುತ್ತಿದ್ದರು. ಆಚೆ ಕಡೆ ಮರಿಯ ತಟ್ಟೆ. ಎಷ್ಟೋ ವರ್ಷದಿಂದ ಅವರು ನೆಲಕ್ಕೆ ಕೂತದ್ದನ್ನು ನಾನು ನೋಡಿರಲಿಲ್ಲ. ಮಂಡಿ ನೋಯುವುದಿಲ್ಲವೇ ಎಂದು ಕೇಳಿದರೆ, ಆ ಪ್ರಶ್ನೆ ತಮಗೂ ಆಗಷ್ಟೇ ಹೊಳೆದಂತೆ ಮಂಡಿಯನ್ನು ಮುಟ್ಟಿ ನೋಡಿಕೊಂಡರು. ಇಬ್ಬರೂ ಒಂದೇ ಔಷಧ ಉಂಡಿದ್ದರು. ಒಬ್ಬರಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ. ಬಚ್ಚಲಲ್ಲಿ ಹಂಡೆ ತೊಳೆದು ನಾನು ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದೆ. ಪಟಾಕಿಗೆ ಹೆದರುತ್ತಾನೆಂದು ಮರಿಯನ್ನು ಯಜಮಾನರು ತಮ್ಮ ಜೊತೆಯೇ ದಿವಾನದ ಮೇಲೆ ಮಲಗಿಸಿಕೊಂಡಿದ್ದರು. ಗೇಟಿನ ಮುಂದೆಯೇ ಯಾರೋ ದೊಡ್ಡ ಬಾಂಬು ಹಚ್ಚಿದರು. ಕಿಟಕಿ ಅದುರಿತು. ಅದರ ಹಿಂದೆಯೇ ಬೇಸಿಗೆಯಲ್ಲಿ ಕೇಳಿದ್ದ ಅದೇ ಕೂಗು. ದಿವಾನದಿಂದ ಹಾರಿದ್ದ.

ಕೆಮ್ಮಣ್ಣಿನ ಕೈಯಲ್ಲೇ ಓಡಿ ಬಂದೆ. ಅವನು ನೆಲದ ಮೇಲೆ ವಾಲಿದ್ದ, ಬಲಗಾಲು ಹೊಟ್ಟೆಗೆ ಅಂಟಿತ್ತು. ಝಾಡಿಸಲು ನೋಡಿದ, ಆಗಲಿಲ್ಲ. ಮತ್ತೆ ನೋಡಿದ. ಮೂರನೇ ಹಂತಕ್ಕೆ ಹೋಯಿತು, ಎಲ್ಲ ಮುಗಿಯಿತು ಎಂದು ನನ್ನ ತಲೆಯಲ್ಲಿ ಅದೊಂದೇ. ನಾನು ಕೈ ತೊಳೆಯಲು ತಿರುಗುವಷ್ಟರಲ್ಲಿ, ಸಂಜೆಯ ದೀಪಕ್ಕೆಂದು ಮಡಿಯುಟ್ಟಿದ್ದ ಅತ್ತೆ ಬಂದು ಅವನ ಪಕ್ಕ ನೆಲಕ್ಕೆ ಕೂತುಬಿಟ್ಟರು. ಡಾಕ್ಟರು ನನಗೆ ಕಲಿಸಿದ್ದನ್ನು ನಾನು ಅವರ ಮುಂದೆ ಎಷ್ಟೋ ಸಲ ಮಾಡಿದ್ದೆ. ಅವರು ದೂರದಿಂದ ನೋಡುತ್ತಿದ್ದರು, ಮುಟ್ಟಿರಲಿಲ್ಲ.

"ಯಾರೂ ಮಾತಾಡ್ಬೇಡಿ," ಎಂದರು.

ಎಡಗೈಯಲ್ಲಿ ಅವನ ತೊಡೆ ಹಿಡಿದರು. ಬಲಗೈಯಲ್ಲಿ ಪಾದ ಹಿಡಿದು, ಒದ್ದೆಬಟ್ಟೆಯ ಮಡಿಕೆ ಬಿಡಿಸುವಷ್ಟು ನಿಧಾನವಾಗಿ ಕಾಲನ್ನು ಹಿಂದಕ್ಕೆ ನೀಡಿದರು. ಹೆಬ್ಬೆರಳು ತುಪ್ಪಳದಲ್ಲಿ ಹುಡುಕಿತು, ನಿಂತಿತು, ಒತ್ತಿತು. ಸದ್ದೇನೂ ಬರಲಿಲ್ಲ. ಮರಿಯ ಮೈ ಸಡಿಲವಾದದ್ದು ನಮಗೆ ಕಂಡಿತು, ಅಷ್ಟೇ. ಅವನು ಕುತ್ತಿಗೆ ತಿರುಗಿಸಿ ಆ ಹೆಬ್ಬೆರಳನ್ನು ನೆಕ್ಕಿದ. ಅತ್ತೆ ಕೈ ಹಿಂದೆಗೆಯಲಿಲ್ಲ. ಮಡಿ ಕೆಟ್ಟಿತೆಂದು ಎದ್ದು ಹೋಗಿ ಸ್ನಾನ ಮಾಡಲೂ ಇಲ್ಲ. ಹಾಗೆಯೇ ಕೂತು ಅವನ ಎದೆಯ ಹೊಡೆತ ನಿಧಾನವಾಗುವವರೆಗೆ ಬೆನ್ನು ಸವರುತ್ತಿದ್ದರು. ಹೊರಗೆ ಸರಪಟಾಕಿ ಸಿಡಿಯುತ್ತಲೇ ಇತ್ತು.

ಹಬ್ಬ ಮುಗಿದ ಮಾರನೆಯ ಸಂಜೆ ಡಾಕ್ಟರ ಹತ್ತಿರ ಹೊರಟಾಗ ಅತ್ತೆ ತಾವೂ ಬರುವುದಾಗಿ ಸೆರಗು ಹೊದ್ದು ನಿಂತರು. ಆಟೋದಲ್ಲಿ ಮರಿ ಅವರ ಮಡಿಲಲ್ಲಿದ್ದ. ಡಾಕ್ಟರು ಅವನನ್ನು ತಕ್ಕಡಿಗಿಟ್ಟರು, ಇಳಿಸಿ ನಡೆಸಿದರು, ಮತ್ತೆ ಮೇಜಿನ ಮೇಲೆ ಮಲಗಿಸಿ ಎರಡೂ ಕಾಲನ್ನು ಮಡಚಿ ನೀಡಿ, ಮಡಚಿ ನೀಡಿ ನೋಡಿದರು. ನಾವು ಮೂವರೂ ಅವರ ಮುಖ ಓದುತ್ತಿದ್ದೆವು. ಅವರ ಮುಖದಲ್ಲಿ ಏನೂ ಬರೆದಿರಲಿಲ್ಲ.

"ಎರಡರಲ್ಲೇ ಇದೆ," ಎಂದರು ಕೊನೆಗೆ. "ಆವತ್ತು ಹಾರಿದ್ದಕ್ಕೆ ಪಕ್ಕಾ ಕೆಡಬೇಕಿತ್ತು. ತೊಡೆ ಗಟ್ಟಿಯಾಗಿದೆ, ತಡ್ಕೊಂಡಿದೆ. ಮೈಯೂ ಇಳಿದಿದೆ. ಆಪರೇಷನ್ ಬೇಡ. ಚಿಪ್ಪು ಜಾರೋದು ಜಾರತ್ತೆ ಆಗಾಗ, ಅದು ಅವನ ಜೊತೆಗೇ ಇರತ್ತೆ. ಹೀಗೇ ನೋಡ್ಕೊಂಡು ಹೋಗಿ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಡಾಕ್ಟರಿಗೆ ಕೈಮುಗಿದು, ನಿಮ್ಮ ಕೈ ತಣ್ಣಗಿರಲಿ ಎಂದರು. ಅವನ ಜೊತೆ ಅತ್ತೆಯೂ ತುಪ್ಪ ಬಿಟ್ಟದ್ದನ್ನು ನಾನು ಹೇಳಿದೆ. ಇನ್ನು ನೀವು ತುಪ್ಪ ತಿನ್ನಬಹುದಲ್ಲ ಅಮ್ಮ, ಅವನೊಬ್ಬನು ಬಿಟ್ಟರೆ ಸಾಕು ಎಂದು ಡಾಕ್ಟರು ನಕ್ಕರು. ಅವರೂ ನಕ್ಕರು.

ಆಮೇಲೆ ಮರಿ ನಮ್ಮ ಜೊತೆ ಬಹಳ ವರ್ಷ ಬಾಳಿದ. ಎರಡು ಸಾವಿರದ ಇಸವಿ ದಾಟಿ, ನಮ್ಮ ಬೀದಿಯ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುವವರೆಗೂ ಇದ್ದ. ಕಾಲು ಆಗೊಮ್ಮೆ ಈಗೊಮ್ಮೆ ಜಾರುತ್ತಿತ್ತು. ಜಾರಿದರೆ ಓಡುವುದನ್ನು ನಿಲ್ಲಿಸಿ, ಹತ್ತಿರದಲ್ಲಿ ಯಾರಿದ್ದಾರೋ ಅವರ ಮುಂದೆ ಬಂದು ಬೆನ್ನು ಹಾಕಿ ನಿಲ್ಲುವುದನ್ನು ತಾನೇ ಕಲಿತ. ಮನೆಯಲ್ಲಿ ಎಲ್ಲರಿಗೂ ಆ ಕೆಲಸ ಬರುತ್ತಿತ್ತು, ಮಹಡಿಯ ಹುಡುಗಿಗೂ. ಚಾಕು ಅವನ ಮೈ ಮುಟ್ಟಲಿಲ್ಲ. ವಯಸ್ಸಾಗಿ, ನಿದ್ದೆಯಲ್ಲಿ ಹೋದ. ಅವನನ್ನು ನೆನೆದಾಗ ದುಃಖಕ್ಕಿಂತ ಮುಂಚೆ ನನಗೆ ಬರುವುದು ಒಂದು ಬಗೆಯ ತುಂಬಿದ ಭಾವ. ಇಷ್ಟು ಜನ ಒಂದು ಪುಟ್ಟ ಮಂಡಿಗಾಗಿ ತಮ್ಮ ತಮ್ಮ ಇಷ್ಟದ್ದನ್ನು ಬಿಟ್ಟುಕೊಟ್ಟರಲ್ಲ ಎಂದು.

ಆ ಸಂಜೆ ಡಾಕ್ಟರ ಮನೆಯಿಂದ ಹೊರಬಂದಾಗ ಯಜಮಾನರು ಆಟೋಗೆ ಕೈ ತೋರಿಸಿದರು. ಆಟೋ ನಿಂತಿತು. ಅತ್ತೆ ಬಗ್ಗಿ ಮರಿಯನ್ನು ನೆಲಕ್ಕಿಳಿಸಿ ಹಗ್ಗವನ್ನು ತಮ್ಮ ಕೈಗೆ ಸುತ್ತಿಕೊಂಡರು. ಅವನು ಮೈ ಕೊಡವಿ, ಮೂಗು ಎತ್ತಿ, ಮನೆಯ ದಿಕ್ಕು ಹಿಡಿದು ಹೊರಟ. ನಾಲ್ಕೂ ಕಾಲು ನೆಲದ ಮೇಲೆ.

"ಹೋಗಪ್ಪ ನೀನು," ಎಂದರು ಅತ್ತೆ ಆಟೋದವನಿಗೆ. "ಅವನು ನಡೀತಿದ್ದಾನೆ. ಅವನು ನಡೆದಷ್ಟು ದೂರ ನಾವೂ ನಡೀತೀವಿ."